ಮುರಕಲ್ಲಿನ ಬಾವಿಗೆ ಸುಣ್ಣಕಲ್ಲಿನ ಪಾಠ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಉಡುಪಿ ಜಿಲ್ಲೆಯ ಹಿರಿಯಡ್ಕದ ಹತ್ತಿರ. ಓದಿದ್ದು ಭೂಗರ್ಭಶಾಸ್ತ್ರ, ಈಗ ನೋಡಿಕೊಳ್ಳುವುದು ಅಡಿಕೆ ತೋಟ. ಕಲ್ಲು ಓದಿದವನು ಅಂತ ಗೊತ್ತಾದ ಮೇಲೆ ಆಚೀಚೆ ಊರಿನವರು ಬಾವಿ ನೋಡಲು ಕರೆಯುತ್ತಾರೆ. ಮೇ ತಿಂಗಳಲ್ಲಿ ಬರುವ ಫೋನು 'ನೀರಿಲ್ಲ ಮಾರಾಯ್ರೆ' ಅಂತ. ಜುಲೈಯಲ್ಲಿ ಅದೇ ಮನೆಯಿಂದ 'ನೀರು ಕೆಂಪಾಗಿದೆ' ಅಂತ. ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಒಮ್ಮೆ ಬರೆದಿಟ್ಟರೆ ಎಲ್ಲರಿಗೂ ಕಳಿಸಬಹುದು ಅಂತ ಕೂತು ಬರೆದೆ.

ಕಾರ್ಸ್ಟ್ ಅಂದರೆ ಏನು?

ನೀರು ಕರಗಿಸಿದ ಕಲ್ಲಿನ ನಾಡು. ನಮ್ಮ ಬಾವಿಗೆ ಇದರ ಪಾಠ ಯಾಕೆ ಅಂತ ಮುಂದಿನ ಪ್ರಶ್ನೆಯಲ್ಲಿ ಹೇಳುತ್ತೇನೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಸುಣ್ಣಕಲ್ಲಿನ ಬಿರುಕಿಗೆ ಇಳಿದರೆ ಕಲ್ಲು ನಿಧಾನಕ್ಕೆ ಕರಗುತ್ತದೆ. ಸಾವಿರಾರು ವರ್ಷ ಕಳೆದಾಗ ಬಿರುಕು ಕೊಳವೆಯಾಗಿ, ಕೊಳವೆ ಗುಹೆಯಾಗಿ, ಗುಹೆಯ ಮಾಡು ಕುಸಿದು ನೆಲದಲ್ಲಿ ಹೊಂಡ ಬೀಳುತ್ತದೆ. ಸ್ಲೊವೇನಿಯಾದಲ್ಲಿ ಇಂಥ ಒಂದು ಸೀಮೆ ಇದೆ, ಹೆಸರು ಬಂದದ್ದು ಅಲ್ಲಿಂದ. ನಮ್ಮ ದೇಶದಲ್ಲಿ ಮೇಘಾಲಯದ ಗುಹೆಗಳು ಪ್ರಸಿದ್ಧ. ಅಲ್ಲಿನ ಕ್ರೆಮ್ ಲಿಯಾಟ್ ಪ್ರಾ ಗುಹೆ 30 ಕಿಲೋಮೀಟರಿಗೂ ಉದ್ದ. ಆಂಧ್ರದ ಬೇಲಂ ಗುಹೆ ಮೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ನಮಗೆ ಹತ್ತಿರದ್ದು ಬೇಕಾದರೆ ಉತ್ತರ ಕನ್ನಡದ ಯಾಣ. 'ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ' ಅನ್ನುವ ಆ ಯಾಣವೇ. ಅಲ್ಲಿ 120 ಮೀಟರ್ ಎತ್ತರಕ್ಕೆ ನಿಂತ ಭೈರವೇಶ್ವರ ಶಿಖರ ಸುಣ್ಣಕಲ್ಲಿನದು.

ಇಂಥ ನಾಡಿನಲ್ಲಿ ನೀರು ಇಂಗುವುದಿಲ್ಲ, ಓಡುತ್ತದೆ. 1877ರಲ್ಲಿ ಜರ್ಮನಿಯಲ್ಲಿ, ಡ್ಯಾನ್ಯೂಬ್ ನದಿ ನೆಲದೊಳಗೆ ಇಳಿದು ಮಾಯವಾಗುವ ಜಾಗದಲ್ಲಿ, 10 ಕಿಲೋ ಬಣ್ಣ ಸುರಿದರು. ಸುಮಾರು 60 ಗಂಟೆ ಕಳೆದ ಮೇಲೆ 12 ಕಿಲೋಮೀಟರ್ ಆಚೆ ಆಖ್ ಎಂಬ ಊರಿನ ಒರತೆಯಲ್ಲಿ ಹಸಿರು ನೀರು ಬಂತು. ಅಂದರೆ ದಿನಕ್ಕೆ ನಾಲ್ಕೈದು ಕಿಲೋಮೀಟರ್. ಮರಳಿನಲ್ಲಿ ಅಂತರ್ಜಲ ದಿನಕ್ಕೆ ಒಂದು ಮೀಟರ್ ಸರಿದರೂ ಅದು ವೇಗವೇ.

ಹಾಗಾದರೆ ನಮ್ಮ ಉಡುಪಿ, ಮಂಗಳೂರು ಕಾರ್ಸ್ಟಾ?

ಅಲ್ಲ. ಆದರೆ 'ಅಲ್ಲ' ಅಂತ ಹೇಳಿ ಮುಗಿಸುವ ಹಾಗೂ ಇಲ್ಲ.

ನಮ್ಮದು ಮುರಕಲ್ಲು. ಪುಸ್ತಕದಲ್ಲಿ ಜಂಬಿಟ್ಟಿಗೆ, ಇಂಗ್ಲಿಷಿನಲ್ಲಿ ಲ್ಯಾಟರೈಟ್. ಆ ಹೆಸರನ್ನು 1807ರಲ್ಲಿ ಕೊಟ್ಟವನು ಫ್ರಾನ್ಸಿಸ್ ಬುಕನನ್, ಕೇರಳದ ಅಂಗಡಿಪುರಂನಲ್ಲಿ ಕಂಡ ಕಲ್ಲಿಗೆ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಶಬ್ದ ಅದು. ನಾವು ಹೇಗೂ ಇಟ್ಟಿಗೆಯ ಹಾಗೆ ಕಡಿದು ಮನೆ ಕಟ್ಟುತ್ತೇವಲ್ಲ. ಈ ಕಲ್ಲು ಸುಣ್ಣದ ಹಾಗೆ ಪೂರ್ತಿ ಕರಗುವುದಿಲ್ಲ. ಲಕ್ಷಾಂತರ ವರ್ಷದ ಮಳೆಗೆ ಮೂಲ ಬಂಡೆಯ ಸಿಲಿಕಾ ತೊಳೆದು ಹೋಗಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದಿವೆ. ಕೆಂಪು ಬಣ್ಣ ಆ ಕಬ್ಬಿಣದ್ದು.

ಮನೆ ಹಿಂದಿನ ಧರೆಯನ್ನು, ಅಂದರೆ ಗುಡ್ಡೆ ಕಡಿದ ಗೋಡೆಯನ್ನು, ಒಮ್ಮೆ ಹತ್ತಿರದಿಂದ ನೋಡಿ. ಮೇಲೆ ಗಟ್ಟಿ ಪಾದೆ. ಅದರ ಕೆಳಗೆ ಜೇನುಗೂಡಿನ ಹಾಗೆ ತೂತು ತೂತಾದ ಮುರಕಲ್ಲು. ಕಿರುಬೆರಳು ಹೋಗುವ ತೂತೂ ಇದೆ, ಕೈ ಹೋಗುವ ತೂತೂ ಇದೆ. ಇನ್ನೂ ಕೆಳಗೆ ಬಿಳಿ, ಹಳದಿ, ನಸುಗೆಂಪು ಬೆರೆತ ಶೇಡಿಮಣ್ಣು. ಒಣಗಿದ್ದಾಗ ಇದು ಪಿಕ್ಕಾಸಿಗೂ ಜಗ್ಗುವುದಿಲ್ಲ, ನೀರು ಕುಡಿದರೆ ಬೆಣ್ಣೆ. ಅದರ ಅಡಿಗೆ ಗಟ್ಟಿ ಶಿಲೆ. ಮೇಲಿನ ತೂತುಗಳಲ್ಲಿ ಇಳಿದ ನೀರು ಶೇಡಿಮಣ್ಣನ್ನು ಚೂರು ಚೂರೇ ಕೊಚ್ಚಿಕೊಂಡು ಹೋಗುತ್ತದೆ. ಹೀಗೆ ನೆಲದೊಳಗೆ ಕೊಳವೆಗಳಾಗುತ್ತವೆ. ಸುಣ್ಣಕಲ್ಲಿನಲ್ಲಿ ಕರಗಿ ಆದದ್ದು ನಮ್ಮಲ್ಲಿ ಕೊಚ್ಚಿ ಆಗುತ್ತದೆ. ಬಲ್ಲವರು ಇದನ್ನು ಹುಸಿ ಕಾರ್ಸ್ಟ್ ಅನ್ನುತ್ತಾರೆ. ಮೂಡಬಿದಿರೆ ಕಡೆಯ ನೆಲ್ಲಿತೀರ್ಥಕ್ಕೆ ಹೋದವರಿಗೆ ವಿವರಿಸಿ ಹೇಳಬೇಕಿಲ್ಲ. ಬಗ್ಗಿ, ತೆವಳಿ ಒಳಗೆ ಹೋದವರ ತಲೆ ಮೇಲೆ ನೆಲ್ಲಿಕಾಯಿ ಗಾತ್ರದ ಹನಿ ತಟಕ್ ಅಂತ ಬೀಳುತ್ತದೆ.

ಅದಕ್ಕೇ ಕಾರ್ಸ್ಟ್ ನಾಡಿನವರು ಕಲಿತ ಪಾಠ ನಮಗೂ ಬೇಕು. ಕಲ್ಲು ಬೇರೆ ಇರಬಹುದು, ನೀರಿನ ಬುದ್ಧಿ ಒಂದೇ.

ಇಷ್ಟು ಮಳೆ ಬಂದರೂ ಏಪ್ರಿಲಿಗೆ ಬಾವಿ ಯಾಕೆ ಬತ್ತುತ್ತದೆ?

ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮುರಕಲ್ಲು ಅದನ್ನು ಗಬಗಬ ಕುಡಿಯುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೆಲವು ಬಾವಿಯಲ್ಲಿ ನೀರು ಕೈಗೇ ಸಿಗುತ್ತದೆ. ಆದರೆ ಕುಡಿದಷ್ಟೇ ಬೇಗ ಬಿಟ್ಟುಬಿಡುತ್ತದೆ. ಗುಡ್ಡೆಯಿಂದ ಬೈಲಿಗೆ, ಬೈಲಿಂದ ತೋಡಿಗೆ, ತೋಡಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ಘಟ್ಟದಿಂದ ಕಡಲಿಗೆ ದೂರವೂ ಕಡಿಮೆ, ಇಳಿಜಾರೂ ಇದೆ. ನೀರು ನಿಲ್ಲುವುದಕ್ಕೆ ಕಾರಣವೇ ಇಲ್ಲ.

2019ರ ಮೇ ತಿಂಗಳು ನೆನಪಿರಬೇಕು. ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ ಉಡುಪಿ ನಗರದವರು ಟ್ಯಾಂಕರಿಗೆ ಕಾದರು. ಹಿಂದಿನ ಮಳೆಗಾಲದಲ್ಲಿ ಇದೇ ಊರಿನ ರಸ್ತೆ ಮೇಲೆ ನೀರು ಹರಿದಿತ್ತು. ನಮಗೆ ಮಳೆ ಕಡಿಮೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನೀರು ನಮ್ಮಲ್ಲಿ ತಂಗುವ ಸಮಯ ಕಡಿಮೆ.

ಭೂಮಿ ನೀರನ್ನು ಸೋಸಿ ಕೊಡುತ್ತದೆ ಅಲ್ವಾ? ಬಾವಿ ನೀರು ಶುದ್ಧ ಅಲ್ವಾ?

ಈ ನಂಬಿಕೆ ನನಗೂ ಇತ್ತು. ಅದು ಹೋದದ್ದು ನಮ್ಮ ಬಾವಿಯಿಂದಲೇ.

ಕೆಲವು ವರ್ಷ ಹಿಂದೆ ಬಾವಿಯಿಂದ ನಲವತ್ತು ಅಡಿ ಮೇಲೆ ಒಂದು ಇಂಗುಗುಂಡಿ ತೋಡಿಸಿದೆ. ಅಂಗಳದ ನೀರೆಲ್ಲ ಅದಕ್ಕೆ ಬರುವ ಹಾಗೆ ದಾರಿ ಮಾಡಿಸಿದೆ. ಮಾಡಿದ್ದು ಘನಕಾರ್ಯ ಅಂತಲೇ ಅಂದುಕೊಂಡಿದ್ದೆ. ಜೂನ್ ಎರಡನೇ ವಾರ ಒಂದು ಮಧ್ಯಾಹ್ನ ಜೋರು ಮಳೆ ಬಂತು, ಗುಂಡಿ ತುಂಬಿತು. ಒಂದು ಗಂಟೆ ಆಗಿರಬಹುದು, ನೀರು ಸೇದಲು ಹೋದ ಅತ್ತಿಗೆ ಕೂಗಿ ಕರೆದರು. ಬಗ್ಗಿ ನೋಡಿದರೆ ಬಾವಿಯ ಗೋಡೆಯಲ್ಲಿ, ನೀರಿಗಿಂತ ಒಂದಾಳು ಮೇಲೆ, ಮುಷ್ಟಿ ಗಾತ್ರದ ತೂತಿನಿಂದ ಕೆಂಪು ನೀರು ಧಾರೆಯಾಗಿ ಬೀಳುತ್ತಿದೆ. ಜೊತೆಗೆ ಒಂದು ಹಲಸಿನ ಎಲೆ. ಇಡೀ ಎಲೆ, ಹರಿದಿರಲಿಲ್ಲ. ನಲವತ್ತು ಅಡಿ ನೆಲದೊಳಗೆ ಪ್ರಯಾಣ ಮಾಡಿ ಬಂದ ಎಲೆ! ಎಲೆಯನ್ನೇ ಸೋಸದ ನೆಲ ರೋಗಾಣುವನ್ನು ಸೋಸುತ್ತದಾ? ಆ ಗುಂಡಿಯನ್ನು ಮರುದಿನವೇ ಮುಚ್ಚಿಸಿದೆ.

ಮರಳು, ಗಟ್ಟಿ ಮಣ್ಣು ಸೋಸುತ್ತವೆ, ನಿಜ. ಅಲ್ಲಿ ನೀರು ಕಾಳಿನಿಂದ ಕಾಳಿಗೆ ನುಸುಳಿ ತಿಂಗಳುಗಟ್ಟಲೆ ಪ್ರಯಾಣ ಮಾಡುತ್ತದೆ. ಕೊಳವೆ ಇರುವ ಕಲ್ಲಿನಲ್ಲಿ ಆ ಪ್ರಯಾಣವೇ ಇಲ್ಲ. ಕೆನಡಾದ ವಾಕರ್ಟನ್ ಎಂಬ ಊರಿನಲ್ಲಿ 2000ದ ಮೇ ತಿಂಗಳಲ್ಲಿ ಜೋರು ಮಳೆಗೆ ದನದ ಗೊಬ್ಬರದ ರೋಗಾಣು ಊರಿನ ಕುಡಿಯುವ ನೀರಿನ ಬಾವಿ ಸೇರಿತು. ಅಡಿಯಲ್ಲಿದ್ದದ್ದು ಬಿರುಕು ಬಿಟ್ಟ ಸುಣ್ಣಕಲ್ಲಿನ ಜಾತಿಯ ಶಿಲೆ. ನೀರಿಗೆ ಕ್ಲೋರಿನ್ ಹಾಕುವುದರಲ್ಲೂ ಉದಾಸೀನ ಆಗಿತ್ತು. 7 ಜನ ಸತ್ತರು, 2300ರಷ್ಟು ಜನ ಕಾಯಿಲೆ ಬಿದ್ದರು. ನಮ್ಮಲ್ಲಿ ದನದ ಹಟ್ಟಿ, ಗೊಬ್ಬರದ ಗುಂಡಿ, ಬಾವಿ ಮೂರೂ ಒಂದೇ ಹಿತ್ತಲಲ್ಲಿ ಇರುತ್ತವೆ.

ಸ್ಪಷ್ಟವಾಗಿ ಕಾಣುವ ನೀರು ಶುದ್ಧ ಅಂತಲೂ ಅಲ್ಲ. ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಸಣ್ಣ ಬಾಟಲಿ ಸಿಗುತ್ತದೆ. ಗುರುತಿನವರೆಗೆ ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಇಡಬೇಕು. ಕಪ್ಪಾದರೆ ಮಲದ ಅಂಶ ಸೇರಿರುವ ಸಂಶಯ ಗಟ್ಟಿ. ಪರೀಕ್ಷೆಯನ್ನು ಫೆಬ್ರವರಿಯಲ್ಲಿ ಮಾಡಿ 'ನಮ್ಮದು ಪಾಸ್' ಅನ್ನಬೇಡಿ. ಮೊದಲ ಜೋರು ಮಳೆಯ ಮರುದಿನ ಮಾಡಿ.

ಟಾಯ್ಲೆಟ್ ಪಿಟ್ ಬಾವಿಯಿಂದ 50 ಅಡಿ ದೂರ ಇದ್ದರೆ ಸಾಕಾ?

50 ಅಡಿ ಅನ್ನುವುದು ಸಾಮಾನ್ಯ ಮಣ್ಣಿನ ಲೆಕ್ಕ. ಮುರಕಲ್ಲಿನಲ್ಲಿ ದೂರಕ್ಕಿಂತ ದಿಕ್ಕು ಮುಖ್ಯ. ಪಿಟ್ ಬಾವಿಗಿಂತ ಮೇಲೆ ಇದ್ದರೆ 100 ಅಡಿಯೂ ಭರವಸೆ ಅಲ್ಲ. ಕೆಳಗೆ ಇರಲಿ, ಸಾಧ್ಯವಾದಷ್ಟು ದೂರ ಇರಲಿ, ತಳ ಶೇಡಿಮಣ್ಣಿಗೆ ತಾಗದಿರಲಿ. ಸೆಪ್ಟಿಕ್ ಟ್ಯಾಂಕ್ ಆದರೆ ತಳಕ್ಕೂ ಗೋಡೆಗೂ ಸಿಮೆಂಟ್ ಆಗಿರಬೇಕು. ನೆರೆಮನೆಯವರ ಪಿಟ್ ನಿಮ್ಮ ಬಾವಿಯ ಮೇಲ್ಬದಿ ಬಂದರೆ? ಅದು ಭೂಗರ್ಭಶಾಸ್ತ್ರದ ಪ್ರಶ್ನೆ ಅಲ್ಲ. ಮನೆ ಕಟ್ಟುವ ಮೊದಲೇ ಹೋಗಿ ಒಂದು ಲೋಟ ಚಾ ಕುಡಿದು ಮಾತಾಡಿ, ಆಮೇಲೆ ಕಷ್ಟ.

ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?

'ಒಂದು ಮುಷ್ಟಿ' ಅನ್ನುವ ಲೆಕ್ಕ ಬಿಡಿ. ಒಳ್ಳೆಯ ಪೌಡರ್ ಆದರೆ 1000 ಲೀಟರ್ ನೀರಿಗೆ 2.5 ಗ್ರಾಂ. ಬಾವಿಯಲ್ಲಿ ನೀರು ಎಷ್ಟಿದೆ ಅಂತ ತಿಳಿಯಲು ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಎಲ್ಲ ಮೀಟರಿನಲ್ಲಿ. ಬಂದದ್ದು ಘನ ಮೀಟರ್, ಅಂದರೆ ಸಾವಿರ ಲೀಟರಿನ ಲೆಕ್ಕ. ಬಾವಿ 3 ಮೀಟರ್ ಅಗಲ, ನೀರು 4 ಮೀಟರ್ ಇದ್ದರೆ 28 ಸಾವಿರ ಲೀಟರ್. ಪೌಡರ್ 70 ಗ್ರಾಂ ಸಾಕು.

ಪುಡಿಯನ್ನು ನೇರ ಬಾವಿಗೆ ಎಸೆಯಬಾರದು. ಬಕೆಟಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಸುಣ್ಣ ಅಡಿಗೆ ಕೂತ ಮೇಲೆ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ. ಅದನ್ನು ಹಗ್ಗಕ್ಕೆ ಕಟ್ಟಿ ನೀರಿನೊಳಗೆ ಮುಳುಗಿಸಿ ಮೇಲೆ ಕೆಳಗೆ ಆಡಿಸಿ. ರಾತ್ರಿ ಮಾಡಿದರೆ ಬೆಳಿಗ್ಗೆ ಸೇದಬಹುದು. ಕಡೇ ಪಕ್ಷ ಒಂದು ಗಂಟೆಯಾದರೂ ಬಿಡಬೇಕು. ವರ್ಷಗಟ್ಟಲೆ ಬಾಯಿ ತೆರೆದಿಟ್ಟ ಪೌಡರ್‌ನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ನೀರು ಕೆಂಪಾಗಿದ್ದಾಗಲೂ ಕೆಲಸ ಮಾಡುವುದಿಲ್ಲ, ಕೆಸರೇ ಕ್ಲೋರಿನನ್ನು ತಿಂದುಬಿಡುತ್ತದೆ. ಆಗ ನೀರು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಕುದಿಸಿ ಕುಡಿಯುವುದೇ ದಾರಿ.

ನೀರಿನ ಮೇಲೆ ಎಣ್ಣೆ ಥರ ಪದರ ಬರುತ್ತದೆ. ಯಾರಾದರೂ ಡೀಸೆಲ್ ಸುರಿದಿರಬಹುದಾ?

ಒಂದು ಕಡ್ಡಿಯಿಂದ ತಿವಿಯಿರಿ. ಪದರ ಗಾಜಿನ ಹಾಗೆ ತುಂಡು ತುಂಡಾದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ, ಮುರಕಲ್ಲಿನ ನೆಲದಲ್ಲಿ ಮಾಮೂಲಿ. ಸುತ್ತಿ ಬಂದು ಮತ್ತೆ ಕೂಡಿಕೊಂಡರೆ ಎಣ್ಣೆ. ಇಷ್ಟರ ಮಟ್ಟಿಗೆ ನೆರೆಯವರ ಮೇಲೆ ಸಂಶಯ ಪಡುವುದು ತಪ್ಪುತ್ತದೆ.

ಕಲಬುರಗಿಯ ನಮ್ಮ ಅಕ್ಕನ ಮನೆ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ, ನಮ್ಮಲ್ಲಿ ಇಲ್ಲ. ಯಾಕೆ?

ಸೇಡಂ, ಶಹಾಬಾದ್ ಕಡೆ ಸುಣ್ಣಕಲ್ಲು. ನೀರು ಅದನ್ನು ಕರಗಿಸಿಕೊಂಡು ಬರುತ್ತದೆ, ಕಾಯಿಸಿದಾಗ ಪಾತ್ರೆಗೆ ಬಿಟ್ಟುಹೋಗುತ್ತದೆ. ನಮ್ಮ ಮುರಕಲ್ಲಿನಲ್ಲಿ ಕರಗಲು ಉಳಿದದ್ದೇ ಕಡಿಮೆ. ಅದಕ್ಕೆ ನೀರು ಮೆದು, ಸಾಬೂನಿನ ನೊರೆ ಜಾಸ್ತಿ, ಸ್ವಲ್ಪ ಹುಳಿಯೂ ಹೌದು. ಆ ಹುಳಿಗೆ ಹಳೆಯ ಕಬ್ಬಿಣದ ಪೈಪು ಬೇಗ ತೂತಾಗುತ್ತದೆ.

ಮನೆ ಮಾಡಿನ (ಛಾವಣಿಯ) ನೀರನ್ನು ಬಾವಿಗೆ ಬಿಡಬಹುದಾ?

ಬಿಡಬಹುದು, ಸೋಸಿ ಬಿಡಬೇಕು. 1000 ಚದರ ಅಡಿ ಮಾಡಿನ ಮೇಲೆ 4000 ಮಿಲಿಮೀಟರ್ ಮಳೆ ಅಂದರೆ 3 ಲಕ್ಷ 70 ಸಾವಿರ ಲೀಟರ್. ಚೆಲ್ಲಿ ಹೋದದ್ದು ಕಳೆದರೂ 3 ಲಕ್ಷ. ಮೊದಲ ಕೆಲವು ಮಳೆ ಹೊರಗೆ ಹೋಗಲಿ. ಆಮೇಲೆ ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ಬಾವಿಗೆ ಬರಲಿ. ಅಂಗಳದ ನೀರು, ಹಟ್ಟಿ ಬದಿಯ ನೀರು ಖಂಡಿತ ಬೇಡ.

ಇಲ್ಲಿ ಒಂದು ಮಾತು ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ. ಜುಲೈಯಲ್ಲಿ ನಮ್ಮ ಬಾವಿಗಳು ಹೇಗೂ ತುಂಬಿರುತ್ತವೆ. ಆಗ ಸುರಿದ ನೀರು ವಾರದೊಳಗೆ ತೋಡಿಗೆ ಹೋಗುತ್ತದೆ. ಬೆಂಗಳೂರಿಗೆ ಬರೆದ ಇಂಗುಗುಂಡಿಯ ಪಾಠವನ್ನು ಸುಮ್ನೆ ಇಲ್ಲಿಗೆ ತಂದರೆ ಏಪ್ರಿಲಿಗೆ ಅಷ್ಟೇನೂ ಉಪಯೋಗ ಇಲ್ಲ. ನಮಗೆ ಬೇಕಾದದ್ದು ಅಕ್ಟೋಬರ್, ನವೆಂಬರ್ ಮಳೆಯನ್ನು ಹಿಡಿಯುವುದು, ಮತ್ತು ಗುಡ್ಡೆಯ ಮೇಲೆ ಬಿದ್ದ ನೀರನ್ನು ತಡ ಮಾಡಿಸುವುದು. ಹಿರಿಯರು ಗುಡ್ಡೆಯ ತಗ್ಗಿಗೆ ಒಂದು ಬದಿ ದಂಡೆ ಹಾಕಿ ಮದಕ ಮಾಡುತ್ತಿದ್ದರು. ನಾಲ್ಕು ತಿಂಗಳ ಮಳೆಗೆ ಕೆಳಗಿನ ಬೈಲು ಫೆಬ್ರವರಿವರೆಗೆ ಒದ್ದೆ ಇರುತ್ತಿತ್ತು. ಈಗ ಎಷ್ಟೋ ಮದಕಗಳು ಸೈಟ್ ಆಗಿವೆ.

ಕಟ್ಟ ಯಾವಾಗ ಹಾಕಬೇಕು?

ಕಟ್ಟ ಅಂದರೆ ತೋಡಿಗೆ ಅಡ್ಡ ಹಾಕುವ ಮಣ್ಣಿನ ತಾತ್ಕಾಲಿಕ ಒಡ್ಡು. ಮಳೆ ನಿಂತಿರಬೇಕು, ತೋಡು ಹರಿಯುತ್ತಿರಬೇಕು. ಸಾಮಾನ್ಯವಾಗಿ ನವೆಂಬರ್ ಕೊನೆ, ಡಿಸೆಂಬರ್. ಬೇಗ ಹಾಕಿದರೆ ಒಂದು ಅಕಾಲ ಮಳೆಗೆ ಮಣ್ಣೆಲ್ಲ ಹೋಗುತ್ತದೆ. ಜನವರಿಯಲ್ಲಿ ಹಾಕಿದರೆ ಹಿಡಿಯಲು ನೀರೇ ಇಲ್ಲ. ಕಿಂಡಿ ಅಣೆಕಟ್ಟಿಗೂ ಇದೇ ಮಾತು. ಹಲಗೆ ಇಳಿಸುವ ದಿನ ತಪ್ಪಿದರೆ ಅದು ಬರೀ ಸೇತುವೆ. ತೋಡಿನಲ್ಲಿ ನಾಲ್ಕಡಿ ನೀರು ನಿಂತರೆ ಎರಡೂ ಬದಿಯ ಬಾವಿಗಳಿಂದ ಹೊರಹೋಗುವ ನೀರು ನಿಧಾನವಾಗುತ್ತದೆ. ಕಟ್ಟ ಹಾಕಿದವನ ಬಾವಿಗಿಂತ ಎದುರು ಮನೆಯವನ ಬಾವಿಯಲ್ಲಿ ನೀರು ಜಾಸ್ತಿ ಆಗುವುದೂ ಇದೆ, ಜಗಳ ಬೇಡ.

ಬಾವಿ ಬತ್ತಿದೆ, ಬೋರು ತೆಗೆಸಲಾ?

ಬಾವಿಯ ನೀರು ಮುರಕಲ್ಲಿನದು, ಈ ವರ್ಷದ ಮಳೆ. ಬೋರಿನ ನೀರು ಅಡಿಯ ಗಟ್ಟಿ ಶಿಲೆಯ ಬಿರುಕಿನದು. ಬಿರುಕು ಸಿಕ್ಕರೆ ಅದೃಷ್ಟ, ಸಿಗದಿದ್ದರೆ 500 ಅಡಿ ಧೂಳು. ತೆಗೆಸುವುದೇ ಆದರೆ ಕೇಸಿಂಗ್ ಪೈಪು ಶೇಡಿಮಣ್ಣು ದಾಟಿ ಶಿಲೆಯೊಳಗೆ ಕೂರಬೇಕು. ದುಡ್ಡು ಉಳಿಸಲು ಅಲ್ಲಿ ಕಡಿಮೆ ಮಾಡಿದರೆ ಎರಡು ನಷ್ಟ. ಮೇಲಿನ ಕೊಳೆ ನೀರು ಬೋರಿಗೆ ಇಳಿಯುತ್ತದೆ, ಶೇಡಿಮಣ್ಣು ಕುಸಿದು ಪಂಪು ಸಿಕ್ಕಿಹಾಕಿಕೊಳ್ಳುತ್ತದೆ. ನೀರು ಸಿಗದ ಬೋರಿನ ಬಾಯಿಯನ್ನು ಅದೇ ದಿನ ಮುಚ್ಚಿಸಿ. ಗೋಣಿ ಹೊದಿಸಿ ಕಲ್ಲಿಟ್ಟರೆ ಮುಚ್ಚಿದ ಹಾಗಲ್ಲ.

ನೀರು ನೋಡುವವರನ್ನು ಕರೆಸಬೇಕಾ?

ಬೈಲಿನ ಬುಡದಲ್ಲಿ ಬಾವಿಗೆ ಜಾಗ ತೋರಿಸಲು ತೆಂಗಿನಕಾಯಿ ಬೇಡ, ನನ್ನ ಡಿಗ್ರಿಯೂ ಬೇಡ.

ಸುರಂಗ ಈಗಲೂ ತೋಡಬಹುದಾ?

ಗುಡ್ಡೆಗೆ ಅಡ್ಡಲಾಗಿ, ಒಬ್ಬ ಬಗ್ಗಿ ಹೋಗುವಷ್ಟು ದೊಡ್ಡದಾಗಿ, ನೀರು ಸಿಗುವವರೆಗೆ ಕೊರೆಯುವುದು ಬಂಟ್ವಾಳ, ಕಾಸರಗೋಡು ಕಡೆಯ ಹಳೇ ವಿದ್ಯೆ. ಕರೆಂಟ್ ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದು, ಹಲವು ಸುರಂಗದಲ್ಲಿ ನೀರು ಸಿಗದೆ, ಕೊನೆಗೆ ನೀರು ಕಂಡು ಬೋಳು ಗುಡ್ಡೆಯಲ್ಲಿ ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ಆದರೆ ಮುರಕಲ್ಲು ಎಲ್ಲಿ ಮುಗಿದು ಶೇಡಿಮಣ್ಣು ಎಲ್ಲಿ ಶುರುವಾಗುತ್ತದೆ ಅಂತ ಪಿಕ್ಕಾಸಿನ ಸದ್ದಿನಲ್ಲೇ ಗೊತ್ತಾಗುವ ಕೆಲಸದವರು ಈಗ ಬಹಳ ಕಡಿಮೆ. ಅಂಥವರು ಸಿಗದಿದ್ದರೆ ಕೈ ಹಾಕಬೇಡಿ, ಒಳಗೆ ಕುಸಿದರೆ ಹೊರಗೆ ಬರುವ ದಾರಿ ಒಂದೇ.

ಅಂಗಳದಲ್ಲಿ ಇದ್ದಕ್ಕಿದ್ದ ಹಾಗೆ ಹೊಂಡ ಬಿತ್ತು. ಮಣ್ಣು ತುಂಬಿಸಿದರೆ ಸಾಕಾ?

ಸಾಲದು. ಕೆಳಗಿನ ಕೊಳವೆ ಹಾಗೇ ಇದ್ದರೆ ಮುಂದಿನ ಮಳೆಗೆ ಆ ಮಣ್ಣೂ ಹೋಗುತ್ತದೆ. ಮೊದಲು ಅಲ್ಲಿಗೆ ಬರುವ ನೀರನ್ನು ಬೇರೆ ಕಡೆ ತಿರುಗಿಸಿ. ಆಮೇಲೆ ಅಡಿಗೆ ದೊಡ್ಡ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಜಲ್ಲಿ, ಮರಳು, ಕೊನೆಗೆ ಮಣ್ಣು. ಮನೆಯ ಪಂಚಾಂಗಕ್ಕೆ (ಅಡಿಪಾಯಕ್ಕೆ) ಹತ್ತಿರ ಇದ್ದರೆ ಎಂಜಿನಿಯರಿಗೆ ತೋರಿಸದೆ ಏನೂ ಮಾಡಬೇಡಿ.

ಸುಣ್ಣಕಲ್ಲಿನ ನಾಡಿನಲ್ಲಿ ಇದು ದೊಡ್ಡ ಮಟ್ಟದಲ್ಲಿ ಆಗುತ್ತದೆ. 1981ರಲ್ಲಿ ಫ್ಲಾರಿಡಾದ ವಿಂಟರ್ ಪಾರ್ಕಿನಲ್ಲಿ ಒಂದು ಮನೆ, ಈಜುಕೊಳ, ಕೆಲವು ಕಾರು ನೆಲದೊಳಗೆ ಹೋದವು. ಆದರೆ ನಮಗೆ ಹತ್ತಿರದ ಉದಾಹರಣೆ 2010ರ ಗ್ವಾಟೆಮಾಲಾ ನಗರದ್ದು. ಅಲ್ಲಿ ಸುಣ್ಣಕಲ್ಲಲ್ಲ, ಜ್ವಾಲಾಮುಖಿಯ ಬೂದಿ. ಬಿರುಗಾಳಿ ಮಳೆಯ ನೀರು, ಸೋರುವ ಚರಂಡಿ ಪೈಪಿನ ನೀರು ಸೇರಿ ಮಣ್ಣನ್ನು ಒಳಗಿಂದಲೇ ಕೊಚ್ಚಿ, ಮೂರು ಅಂತಸ್ತಿನ ಕಟ್ಟಡ ಹೊಂಡದ ಬಾಯಿಗೆ ಬಿತ್ತು. ನಿಮ್ಮ ಅಂಗಳದ ಹೊಂಡದ ಬಳಿಯೂ ಮೊದಲು ಹುಡುಕಬೇಕಾದದ್ದು ಸೋರುವ ಪೈಪನ್ನೇ.

ಹಳೇ ಕಲ್ಲಿನ ಕೋರೆಯಲ್ಲಿ ನೀರು ನಿಂತಿದೆ. ಒಳ್ಳೆಯದೇ ಅಲ್ವಾ?

ನೀರು ಮಾತ್ರ ಇದ್ದರೆ ಪರವಾಗಿಲ್ಲ, ಸುತ್ತ ಬೇಲಿ ಹಾಕಿ, ಮಕ್ಕಳು ಈಜಲು ಇಳಿಯುತ್ತಾರೆ. ಕಸ ಹಾಕಿದರೆ ಮಾತ್ರ ದೊಡ್ಡ ಅನಾಹುತ. ಕೋರೆ ಅಂದರೆ ನೀರು ಹಿಡಿಯುವ ಕಲ್ಲನ್ನೇ ಕಡಿದು ತೆಗೆದ ಜಾಗ. ಅಲ್ಲಿ ಹಾಕಿದ ಕೋಳಿ ಅಂಗಡಿಯ ಕಸಕ್ಕೂ ಕೆಳಗಿನ ಮನೆಗಳ ಬಾವಿಗೂ ನಡುವೆ ತೂತುಗಳು ಬಿಟ್ಟರೆ ಬೇರೇನೂ ಇಲ್ಲ. ಕಾರ್ಸ್ಟ್ ನಾಡುಗಳಲ್ಲೂ ಜನ ಹೊಂಡಕ್ಕೆ ಕಸ ಸುರಿದು ಒರತೆಯಲ್ಲಿ ಅದನ್ನೇ ಕುಡಿದಿದ್ದಾರೆ.

ಮಲ್ಪೆ, ಉಳ್ಳಾಲದ ಕಡೆ ಬಾವಿ ಉಪ್ಪಾಗುವುದು ಯಾಕೆ?

ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ಇದ್ದರೆ, ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ ಅನ್ನುವುದು ಹಳೇ ಲೆಕ್ಕ. ಉಲ್ಟಾ ಓದಿದರೆ, ಪಂಪು ಹಾಕಿ ಒಂದು ಅಡಿ ಇಳಿಸಿದರೆ ಉಪ್ಪು 40 ಅಡಿ ಏರಲು ದಾರಿಯಾಗುತ್ತದೆ. ಅಲ್ಲಿ ಆಳ ಮಾಡಿದಷ್ಟೂ ಕೆಡುತ್ತದೆ. ಸಣ್ಣ ಪಂಪು, ಸ್ವಲ್ಪ ಸ್ವಲ್ಪ ಹೊತ್ತು.

ನಮ್ಮ ಬಾವಿಯ ಲೆಕ್ಕ ಇಡುವುದು ಹೇಗೆ?

ಒಂದು ಹಗ್ಗ, ತುದಿಗೆ ಒಂದು ಕಲ್ಲು, ಅಡಿಗೊಂದು ಗಂಟು. ಪ್ರತಿ ಭಾನುವಾರ ಬೆಳಿಗ್ಗೆ, ಪಂಪು ಹಾಕುವ ಮೊದಲು, ಕಟ್ಟೆಯ ಒಂದೇ ಜಾಗದಿಂದ ಇಳಿಸಿ. ನೀರಿಗೆ ಎಷ್ಟು ಅಡಿ ಅಂತ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆಯಿರಿ, ಹಾಲಿನ ಲೆಕ್ಕದ ಪಕ್ಕ. ಮೊದಲ ಜೋರು ಮಳೆಗೆ ನೀರು ಎಷ್ಟು ಗಂಟೆಯಲ್ಲಿ ಏರಿತು, ಬಣ್ಣ ಹೇಗಿತ್ತು, ಅದನ್ನೂ ಬರೆಯಿರಿ. ಬಾವಿ ನೋಡಲು ನನ್ನನ್ನು ಕರೆಯುವುದಾದರೆ ಆ ಕ್ಯಾಲೆಂಡರನ್ನು ಎತ್ತಿಟ್ಟಿರಿ. ಡಿಸೆಂಬರ್ 31ಕ್ಕೆ ಒಲೆಗೆ ಹಾಕಬೇಡಿ.